ಸಾಲ ಇಳಿಸುವ ದಾರಿ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಈ ಮೂರು ಜಿಲ್ಲೆಗಳ ಹಳ್ಳಿಗಳಲ್ಲಿ ಒಂದೇ ಮನೆಯ ಮೇಲೆ ನಾಲ್ಕೈದು ಬಗೆಯ ಸಾಲ ಇರುವುದು ಹೊಸತಲ್ಲ. ಸೊಸೈಟಿಯ ಬೆಳೆಸಾಲ, ಬ್ಯಾಂಕಿನಲ್ಲಿ ಅಡವಿಟ್ಟ ಬಂಗಾರ, ಹೆಂಗಸರ ಹೆಸರಿನ ಸಂಘದ (ಮೈಕ್ರೋಫೈನಾನ್ಸ್) ಸಾಲ, ಗೊಬ್ಬರದಂಗಡಿಯ ಉದ್ರಿ, ಊರಿನವರ ಕೈಗಡ. ಒಂದೊಂದಕ್ಕೂ ಬಡ್ಡಿ ಬೇರೆ, ಕಾನೂನು ಬೇರೆ, ಬಿಡುಗಡೆಯ ದಾರಿಯೂ ಬೇರೆ. ಪ್ರಶ್ನೆಗಳನ್ನು ಜನ ಕೇಳುವ ಮಾತಿನಲ್ಲೇ ಇಟ್ಟಿದ್ದೇವೆ.

ನಮ್ಮ ಮನಿ ಮ್ಯಾಲ ಒಟ್ಟ ಎಷ್ಟ ಸಾಲ ಐತಿ ಅನ್ನೂದ ನಮಗ ಪಕ್ಕಾ ಗೊತ್ತಿಲ್ಲ. ಎಲ್ಲಿಂದ ಚಾಲೂ ಮಾಡಬೇಕ್ರಿ?

ಒಂದು ನೋಟ್‌ಬುಕ್ ತಗೊಳ್ಳಿ, ಒಂದು ಸಾಲಕ್ಕೆ ಒಂದು ಪುಟ. ಯಾರ ಹೆಸರಿನಲ್ಲಿ, ಯಾರ ಹತ್ತಿರ, ಯಾವ ತಾರೀಖು, ಕಾಗದದಲ್ಲಿ ಎಷ್ಟು, ಕೈಗೆ ಬಂದದ್ದು ಎಷ್ಟು, ಈವರೆಗೆ ಕಟ್ಟಿದ್ದು ಎಷ್ಟು, ಒತ್ತೆ ಏನು, ಜಾಮೀನು ಯಾರು ಎಂದು ಬರೆಯಿರಿ. ಕಾಗದದ ಮೊತ್ತ ಮತ್ತು ಕೈಗೆ ಬಂದ ಮೊತ್ತ ಎರಡನ್ನೂ ಬೇರೆ ಬೇರೆ ಬರೆಯಲೇಬೇಕು. 50,000 ಎಂದು ಬರೆಸಿಕೊಂಡು, ಎರಡು ತಿಂಗಳ ಬಡ್ಡಿ ಮೊದಲೇ ಹಿಡಿದು 47,000 ಕೊಟ್ಟಿದ್ದರೆ, ಕೈಗೆ ಬಾರದ 3,000ಕ್ಕೂ ನೀವು ಬಡ್ಡಿ ಕಟ್ಟುತ್ತಿದ್ದೀರಿ.

ಆಮೇಲೆ ಎರಡು ದಾಖಲೆಗಳ ಜೊತೆ ತಾಳೆ ನೋಡಿ. ಒಂದು, ಜಮೀನಿನ ಉತಾರ (ಪಹಣಿ). ಅದರ 11ನೇ ಕಾಲಂನಲ್ಲಿ ಸೊಸೈಟಿ, ಬ್ಯಾಂಕುಗಳ ಬೋಜಾ, ಅಂದರೆ ಜಮೀನಿನ ಮೇಲಿನ ಸಾಲದ ನಮೂದು, ಇರುತ್ತದೆ. ಇನ್ನೊಂದು, ಕ್ರೆಡಿಟ್ ರಿಪೋರ್ಟ್. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೆ ಒಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಮನೆಯ ಹೆಂಗಸರ ಹೆಸರಿನ ವರದಿಯನ್ನೂ ತಪ್ಪದೆ ತೆಗೆಸಿ. ತಾವು ತಗೊಳ್ಳದ ಸಾಲ ತಮ್ಮ ಹೆಸರಲ್ಲಿ ಇರುವುದು ಎಷ್ಟೋ ಸಲ ಅಲ್ಲೇ ಗೊತ್ತಾಗುವುದು.

"ನೂರಕ್ಕ ಮೂರು" ಅಂದ್ರ ಭಾಳ ಏನಲ್ಲ ಅಂತಾರ. ಹೌದೇನ್ರಿ?

ಅದು ತಿಂಗಳ ಲೆಕ್ಕ. ವರ್ಷಕ್ಕೆ ನೂರಕ್ಕೆ 36. 50,000ಕ್ಕೆ ತಿಂಗಳಿಗೆ 1,500, ವರ್ಷಕ್ಕೆ 18,000 ಬಡ್ಡಿ ಹೋಗುತ್ತದೆ, ಗಂಟು (ಅಸಲು) ಇದ್ದಲ್ಲೇ ಇರುತ್ತದೆ. ರಾಜ್ಯದಲ್ಲಿ ಲೇವಾದೇವಿಗಾರರು ಒತ್ತೆ ಇಟ್ಟುಕೊಂಡ ಸಾಲಕ್ಕೆ ವರ್ಷಕ್ಕೆ ಶೇ 14, ಒತ್ತೆಯಿಲ್ಲದ ಸಾಲಕ್ಕೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಅಂದರೆ ಅದೇ 50,000ಕ್ಕೆ ವರ್ಷಕ್ಕೆ 8,000. ಮಿಕ್ಕ 10,000 ಕಾನೂನಿನಲ್ಲಿ ಇಲ್ಲದ ಬಡ್ಡಿ.

ಫೈನಾನ್ಸ್‌ನವರ "ಫ್ಲ್ಯಾಟ್" ಬಡ್ಡಿಯನ್ನೂ ಹೀಗೇ ಬಿಚ್ಚಿ ನೋಡಬೇಕು. 40,000 ಸಾಲ, ಫ್ಲ್ಯಾಟ್ ಶೇ 12, 24 ಕಂತು ಎಂದರೆ ಎರಡು ವರ್ಷಕ್ಕೆ 9,600 ಬಡ್ಡಿ, ಕಂತು 2,067 ರೂಪಾಯಿ. ಪ್ರತಿ ಕಂತಿಗೂ ಗಂಟು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರಾ 40,000ಕ್ಕೇ ಬೀಳುತ್ತದೆ. ಉಳಿದ ಗಂಟಿಗೆ ಮಾತ್ರ ಲೆಕ್ಕ ಹಾಕಿದರೆ ನಿಜವಾದ ಬಡ್ಡಿ ಶೇ 21 ದಾಟುತ್ತದೆ. ಸಹಿ ಹಾಕುವ ಮುಂಚೆ ಕೇಳಬೇಕಾದ ಮಾತು ಒಂದೇ: "ಇಳಿಯುವ ಗಂಟಿನ ಮೇಲೆ ವರ್ಷಕ್ಕೆ ಎಷ್ಟು?"

ಕೈಯಾಗ ಸ್ವಲ್ಪ ರೊಕ್ಕ ಬಂದೈತಿ. ಮೊದಲ ಯಾರ ಸಾಲ ಮುಟ್ಟಸೂದು?

ಬಾಗಿಲಿಗೆ ಬಂದು ಜೋರು ಮಾಡುವವರಿಗೆ ಮೊದಲು ಕೊಡುವುದು ರೂಢಿ. ಹಾಗೆ ಮಾಡಬೇಡಿ. ಮೊದಲು ಗಡುವು ನೋಡಿ, ಆಮೇಲೆ ಬಡ್ಡಿ ನೋಡಿ.

ಗಡುವು ತಪ್ಪಿದರೆ ದೊಡ್ಡ ನಷ್ಟ ಆಗುವುದು ಎರಡು ಕಡೆ. ಹರಾಜಿಗೆ ಬಂದಿರುವ ಬಂಗಾರ, ಮತ್ತು ಸೊಸೈಟಿಯ ಶೂನ್ಯ ಬಡ್ಡಿ ಬೆಳೆಸಾಲ. ಬಂಗಾರಕ್ಕೆ ಕನಿಷ್ಠ ಬಡ್ಡಿಯನ್ನಾದರೂ ಕಟ್ಟಿ ಮುಂದಿನ ಅವಧಿಗೆ ನವೀಕರಿಸಲು ಬರುತ್ತದೆಯೇ ಎಂದು ಕೇಳಿ. ಇವೆರಡು ಸುಭದ್ರ ಆದ ಮೇಲೆ ಮಿಕ್ಕಿದ್ದೆಲ್ಲ ಅತಿ ಹೆಚ್ಚು ಬಡ್ಡಿಯ ಕೈಗಡಕ್ಕೆ ಹೋಗಬೇಕು, ಅದರಲ್ಲೂ ಗಂಟಿಗೆ. "ಈ 10,000 ಗಂಟಿಗೆ ಜಮಾ" ಎಂದು ಪಾವತಿಯಲ್ಲಿ (ರಸೀದಿಯಲ್ಲಿ) ಬರೆಸಿಕೊಳ್ಳದಿದ್ದರೆ ಅದು ಬಡ್ಡಿಯ ಲೆಕ್ಕಕ್ಕೆ ಸೇರಿಹೋಗುತ್ತದೆ.

ಸೊಸೈಟಿ ಸಾಲಕ್ಕ ಬಡ್ಡಿ ಇಲ್ಲ ಅಂತಾರ, ನಮಗ್ಯಾಕ ಬಡ್ಡಿ ಹಾಕ್ಯಾರ?

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಮೂಲಕ ಸಿಗುವ ಅಲ್ಪಾವಧಿ ಬೆಳೆಸಾಲಕ್ಕೆ ರಾಜ್ಯ ಸರ್ಕಾರ 5 ಲಕ್ಷದವರೆಗೆ ಬಡ್ಡಿ ಭರಿಸುತ್ತದೆ. 2023ಕ್ಕೆ ಮುಂಚೆ ಈ ಮಿತಿ 3 ಲಕ್ಷ ಇತ್ತು. ಆದರೆ ಈ ಸವಲತ್ತು ಗಡುವಿನೊಳಗೆ ಪೂರ್ತಿ ತುಂಬಿದವರಿಗೆ ಮಾತ್ರ. ಗಡುವು ದಾಟಿದರೆ ಸವಲತ್ತು ಹೋಯಿತು, ಬಡ್ಡಿ ಬಿತ್ತು. ಗಡುವಿನ ತಾರೀಖನ್ನು ಸೊಸೈಟಿಯ ಕಾರ್ಯದರ್ಶಿಯಿಂದ ಪಾಸ್‌ಬುಕ್ಕಿನಲ್ಲೇ ಬರೆಸಿಕೊಳ್ಳಿ.

5 ಲಕ್ಷ ಎಂಬುದು ಮೇಲ್ಮಿತಿ ಅಷ್ಟೇ. ನಿಮಗೆ ಸಿಗುವುದು ಎಕರೆಗೆ, ಬೆಳೆಗೆ ಜಿಲ್ಲೆಯಲ್ಲಿ ಗೊತ್ತುಮಾಡಿದ ದರದ ಮೇಲೆ. ಕಬ್ಬಿಗೆ ಒಂದು ದರ, ತೊಗರಿಗೆ ಇನ್ನೊಂದು. ವಾಣಿಜ್ಯ ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದವರಿಗೆ 3 ಲಕ್ಷದವರೆಗೆ ಶೇ 7, ವೇಳೆಗೆ ಸರಿಯಾಗಿ ಕಟ್ಟಿದರೆ ಶೇ 4 ಬೀಳುತ್ತದೆ. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿಸಾಲಕ್ಕೆ ಒತ್ತೆ ಕೇಳುವಂತಿಲ್ಲ.

ನವೀಕರಣಕ್ಕೆಂದು ನಾಲ್ಕು ದಿನದ ಮಟ್ಟಿಗೆ ಕೈಗಡ ತಂದು ತುಂಬುವ ರೂಢಿ ನಮ್ಮಲ್ಲಿ ಬಹಳ. 1 ಲಕ್ಷಕ್ಕೆ ನೂರಕ್ಕೆ 2ರಂತೆ ಕೊಟ್ಟರೆ 2,000 ಹೋಯಿತು. ಸವಲತ್ತು ಕಳೆದುಕೊಳ್ಳುವುದಕ್ಕಿಂತ ಅದು ಅಗ್ಗವೇ. ಆದರೆ ಸೊಸೈಟಿಯಿಂದ ಹೊಸ ಸಾಲ ಬರುವುದು 4 ದಿನದ ಬದಲು 40 ದಿನ ತಡವಾದರೆ ಲೆಕ್ಕ ಬುಡಮೇಲು. ಮರುಮಂಜೂರಾತಿ ಯಾವತ್ತು ಎಂದು ಖಾತ್ರಿ ಆಗದೆ ಕೈಗಡ ತರಬೇಡಿ.

ಸಾಲಮನ್ನಾ ಆಗಬಹುದು, ಕಟ್ಟದಂಗ ಕಾಯೂನು ಅಂತ ಮನಿಯಾಗ ಅಂತಾರ.

ಹಿಂದೆ ಆದದ್ದನ್ನು ನೋಡಿ ತೀರ್ಮಾನ ಮಾಡಿ. 1990ರಲ್ಲಿ ಕೇಂದ್ರ 10,000ದವರೆಗೆ ಮನ್ನಾ ಮಾಡಿತು. 2008ರಲ್ಲಿ 5 ಎಕರೆವರೆಗಿನ ರೈತರ ಬಾಕಿ ಪೂರ್ತಿ ಮನ್ನಾ ಆಯಿತು, ಹೆಚ್ಚು ಜಮೀನಿದ್ದವರು ಮುಕ್ಕಾಲು ಭಾಗ ಕಟ್ಟಿದರೆ ಕಾಲುಭಾಗ ಬಿಟ್ಟರು. ರಾಜ್ಯದಲ್ಲಿ 2017ರಲ್ಲಿ ಸಹಕಾರಿ ಸಂಘಗಳ ಬೆಳೆಸಾಲದಲ್ಲಿ 50,000ದವರೆಗೆ, 2018ರಲ್ಲಿ ಸಹಕಾರಿ ಸಾಲಕ್ಕೆ 1 ಲಕ್ಷ, ವಾಣಿಜ್ಯ ಬ್ಯಾಂಕಿನ ಸಾಲಕ್ಕೆ 2 ಲಕ್ಷದವರೆಗೆ ಮನ್ನಾ ಆಯಿತು. ಪ್ರತಿ ಸಲವೂ ಒಂದು ತಾರೀಖು ಗೊತ್ತುಮಾಡಿ, ಆ ತಾರೀಖಿನೊಳಗೆ ಬಾಕಿ ಇದ್ದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರು. ಆ ತಾರೀಖು ಮುಂಚಿತವಾಗಿ ಯಾರಿಗೂ ತಿಳಿಯುವುದಿಲ್ಲ. ಇನ್ನು ಇವೆಲ್ಲ ಸೊಸೈಟಿ, ಬ್ಯಾಂಕಿನ ಸಾಲದ ಮಾತು. ಬಂಗಾರ ಅಡವಿಟ್ಟ ಸಾಲ, ಸಂಘದ ಸಾಲ ಯಾವ ಮನ್ನಾದಲ್ಲೂ ಬರಲಿಲ್ಲವೆಂದೇ ಹಿಡಿದು ನಡೆಯಿರಿ.

ಖಾಸಗಿ ಸಾಲಕ್ಕೆಂದು ರಾಜ್ಯದ ಋಣ ಪರಿಹಾರ ಕಾಯ್ದೆ 2019ರ ಜುಲೈನಲ್ಲಿ ಜಾರಿಗೆ ಬಂತು. ವರ್ಷಕ್ಕೆ 1.20 ಲಕ್ಷದೊಳಗಿನ ಆದಾಯದವರು ಉಪವಿಭಾಗಾಧಿಕಾರಿಗೆ 90 ದಿನದೊಳಗೆ ಅರ್ಜಿ ಕೊಡಬೇಕಿತ್ತು. ಆ ಗಡುವು ಮುಗಿದಿದೆ. ಈಗ ಅದರ ಹೆಸರಲ್ಲಿ ಫಾರ್ಮ್ ತುಂಬಿಸಿ ರೊಕ್ಕ ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ವರ್ಷಗಟ್ಟಲೆ ಬಾಕಿ ಬಿದ್ದಿದ್ದರೆ ಮನ್ನಾಕ್ಕೆ ಕಾಯುವ ಬದಲು ಬ್ಯಾಂಕಿಗೆ ಒಂದೇ ಕಂತಿನ ತೀರುವಳಿಗೆ ಲಿಖಿತ ಅರ್ಜಿ ಕೊಡಿ. ಲೋಕ ಅದಾಲತ್‌ನಲ್ಲೂ ಇದು ಕುದುರುತ್ತದೆ. ಒಂದು ಎಚ್ಚರ: ಅಲ್ಲಿ ಒಪ್ಪಿ ಸಹಿ ಹಾಕಿದ್ದು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. "ಆಗಲಿ ರೀ" ಎಂದು ಕಟ್ಟಲಾಗದ ಕಂತು ಒಪ್ಪಿಕೊಂಡರೆ ಮುಂಚಿಗಿಂತ ಕೆಟ್ಟ ಸ್ಥಿತಿ. ಹೀಗೆ ರಿಯಾಯಿತಿಯಲ್ಲಿ ತೀರಿಸಿದ ಸಾಲ ಕ್ರೆಡಿಟ್ ರಿಪೋರ್ಟಿನಲ್ಲಿ "ಸೆಟಲ್ಡ್" ಎಂದು ಬರುತ್ತದೆ, ಮುಂದೆ ಸಾಲ ಕೇಳುವಾಗ ಅದನ್ನು ನೋಡುತ್ತಾರೆ ಎಂಬುದೂ ಗೊತ್ತಿರಲಿ.

ಸಾಲ ತೀರಿ ವರ್ಷ ಆತು. ಉತಾರದಾಗ ಬೋಜಾ ಹಂಗ ಐತಲ್ರಿ?

ಸಾಲ ಮುಟ್ಟಿದ ಕೂಡಲೇ ಬೋಜಾ ತಾನಾಗಿ ಇಳಿಯುವುದಿಲ್ಲ, ನೀವು ಬೆನ್ನು ಹತ್ತಬೇಕು. ಮೊದಲು ಬಾಕಿ ಇಲ್ಲ ಎಂಬ ಪತ್ರವನ್ನು ಸಾಲದ ಖಾತೆ ನಂಬರ್, ಸರ್ವೆ ನಂಬರ್ ಎರಡೂ ಬರುವಂತೆ ಪಡೆಯಿರಿ. ಆಮೇಲೆ ಋಣ ಬಿಡುಗಡೆಯನ್ನು ಜಮೀನು ದಾಖಲೆಗಳಿರುವ ಸರ್ಕಾರದ 'ಭೂಮಿ' ತಂತ್ರಾಂಶಕ್ಕೆ ಕಳಿಸಲು ಬ್ಯಾಂಕಿಗೆ ಲಿಖಿತವಾಗಿ ಕೇಳಿ, ಅರ್ಜಿಯ ಇನ್ನೊಂದು ಪ್ರತಿಗೆ ಸ್ವೀಕೃತಿ ಸಿಕ್ಕಾ ಹಾಕಿಸಿಕೊಳ್ಳಿ. ಮ್ಯುಟೇಷನ್ (ದಾಖಲೆಯಲ್ಲಿ ಬದಲಾವಣೆ) ಆದ ಮೇಲೆ ಹೊಸ ಉತಾರ ತೆಗೆಸಿ ಕಣ್ಣಾರೆ ನೋಡಿ.

ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಇಲ್ಲಿ: ಅಣ್ಣತಮ್ಮರ ವಾಟ್ನಿ (ಆಸ್ತಿ ಪಾಲು) ಆಗಿ ಸರ್ವೆ ನಂಬರಿಗೆ ಹೊಸ ಹಿಸ್ಸಾ ಬಂದಿರುತ್ತದೆ, ಬ್ಯಾಂಕಿನ ಕಾಗದದಲ್ಲಿ ಹಳೆಯ ನಂಬರೇ ಇರುತ್ತದೆ. ಆಗ ಬೋಜಾ ಎಲ್ಲ ಹಿಸ್ಸಾಗಳ ಮೇಲೂ ಕೂತಿರುತ್ತದೆ, ಒಂದರ ಮೇಲೆ ಮಾತ್ರ ಇಳಿಯುತ್ತದೆ. ಹಳೆಯ, ಹೊಸ ನಂಬರು ಎರಡನ್ನೂ ಅರ್ಜಿಯಲ್ಲಿ ಬರೆಯಿರಿ. ಬ್ಯಾಂಕಿನಲ್ಲಿ ಇಟ್ಟ ಅಸಲು ಆಸ್ತಿಪತ್ರಗಳನ್ನು ಪೂರ್ತಿ ತೀರಿದ 30 ದಿನದೊಳಗೆ ವಾಪಸ್ ಕೊಡಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ಪರಿಹಾರ ಕೊಡಬೇಕೆಂದು ಆರ್‌ಬಿಐ 2023ರಲ್ಲಿ ನಿಯಮ ಮಾಡಿದೆ.

ಸಂಘದ ಕಂತಿಗೆ ರಾತ್ರಿ ಮನಿಗೆ ಬಂದು ಕುಂದರ್ತಾರ. ಏನ್ ಮಾಡೂದು?

ಬೆಳಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಫೋನ್ ಸಹ ಮಾಡುವಂತಿಲ್ಲ. ಕಂತು ಕಟ್ಟುವ ಜಾಗ ಮೊದಲೇ ಗೊತ್ತುಮಾಡಿರಬೇಕು. ಅಲ್ಲಿಗೆ ಸತತ ಎರಡು ಸಲ ನೀವು ಹೋಗದಿದ್ದಾಗ ಮಾತ್ರ ಮನೆಗೆ ಬರಬಹುದು. ಬೈಯುವುದು, ನೆಂಟರಿಗೆ ಫೋನ್ ಮಾಡುವುದು, ಗೋಡೆಯ ಮೇಲೆ ಬರೆಯುವುದು ಯಾವುದಕ್ಕೂ ಹಕ್ಕಿಲ್ಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಎಂಬುದೂ 2022ರ ಆರ್‌ಬಿಐ ನಿಯಮವೇ. 20,000 ಆದಾಯದ ಮನೆಗೆ 14,000 ಕಂತು ಬರುವಂತೆ ಸಾಲ ಕೊಟ್ಟಿದ್ದರೆ ತಪ್ಪು ಕೊಟ್ಟವರದೂ ಹೌದು. ದೂರಿನಲ್ಲಿ ಇದನ್ನು ಬರೆಯಿರಿ.

2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದು, ಮುಂದೆ ಅದನ್ನೇ ಕಾಯ್ದೆ ಮಾಡಿತು. 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ ಇದೆ. ಪೊಲೀಸರು ದೂರು ತಗೊಳ್ಳುವುದಿಲ್ಲ ಎನ್ನುವಂತಿಲ್ಲ. ಬಂದವರ ಹೆಸರು, ಗಾಡಿ ನಂಬರು, ವೇಳೆ, ಆಡಿದ ಮಾತು ಅದೇ ದಿನ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ. "ಕಾಟ ಕೊಡ್ತಾರ" ಎಂಬ ಒಂದು ಸಾಲಿನ ದೂರಿಗಿಂತ ಇದಕ್ಕೆ ನೂರು ಪಟ್ಟು ತೂಕ. ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು, ಖರ್ಚಿಲ್ಲ. ವಿಚಾರಣೆಗೆ 14448.

ಆದರೆ ಈ ಕಾಯ್ದೆಯಿಂದ ಎಲ್ಲ ಸಂಘದ ಸಾಲ ಮನ್ನಾ ಆಯಿತು ಎಂಬ ಸುದ್ದಿ ಸುಳ್ಳು. ಲೈಸೆನ್ಸ್, ನೋಂದಣಿ ಇಲ್ಲದವರು ಬಡವರಿಗೆ ಕೊಟ್ಟ ಸಾಲಕ್ಕಷ್ಟೇ ಆ ಮನ್ನಾ. ಆರ್‌ಬಿಐ ನೋಂದಣಿ ಇರುವ ಕಂಪನಿಯ ಸಾಲ ಕಟ್ಟಬೇಕಾದದ್ದೇ.

"ನಿಮ್ಮ ಹೆಸರ್ಲೆ ಸಾಲ ತಗೊಳ್ರಿ, ಅರ್ಧ ಸಬ್ಸಿಡಿ, ಕಂತು ನಾ ಕಟ್ತೀನಿ" ಅಂತ ಅಕ್ಕಾರೊಬ್ಬರು ಹೇಳ್ತಾರ. ತಗೊಳ್ಳೂದೇನ್ರಿ?

ಬೇಡ. ಸಬ್ಸಿಡಿ ಇರುವ ಸರ್ಕಾರಿ ಸಾಲ ಯಾವುದೂ ಹೀಗೆ ಬರುವುದಿಲ್ಲ. ಮೊದಲ ಮೂರು ನಾಲ್ಕು ಕಂತು ನಂಬಿಕೆಗೆ ಕಟ್ಟುತ್ತಾರೆ, ಆಮೇಲೆ ಊರು ಬಿಡುತ್ತಾರೆ. ಹೆಬ್ಬೆಟ್ಟು ನಿಮ್ಮದು, ಸಾಲವೂ ನಿಮ್ಮದೇ. ಈಗಾಗಲೇ ಸಿಕ್ಕಿಬಿದ್ದಿದ್ದರೆ ಮೋಸ ಹೋದ ಹೆಂಗಸರೆಲ್ಲ ಒಟ್ಟಾಗಿ, ಒಬ್ಬೊಬ್ಬರೂ ಬೇರೆ ಬೇರೆ ದೂರು ಬರೆದುಕೊಡಿ. ರೊಕ್ಕ ಅವರ ಕೈಗೆ ದಾಟಿದ್ದಕ್ಕೆ ಫೋನ್‌ಪೇ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಲಗತ್ತಿಸಿ.

ಖಾಲಿ ಚೆಕ್ಕು, ಬಾಂಡ್ ಕೊಟ್ಟೀವಿ. ಈಗ ಹೆದರಸ್ತಾರ.

ಚೆಕ್ಕು ಬೌನ್ಸ್ ಆಗಿ ವಕೀಲರ ನೋಟಿಸ್ ಬಂದರೆ ನಿಮಗಿರುವುದು 15 ದಿನ. ಎಷ್ಟೋ ಜನ ನೋಟಿಸನ್ನೇ ತಗೊಳ್ಳದೆ ವಾಪಸ್ ಕಳಿಸುತ್ತಾರೆ. ಅದರಿಂದ ಕೇಸು ನಿಲ್ಲುವುದಿಲ್ಲ, ನಿಮ್ಮ ಮಾತು ದಾಖಲಾಗದೆ ಹೋಗುತ್ತದೆ. ಸಾಲ ಎಷ್ಟಿತ್ತು, ಎಷ್ಟು ಕಟ್ಟಿದ್ದೀರಿ, ಚೆಕ್ಕು ಭದ್ರತೆಗೆಂದು ಖಾಲಿ ಕೊಟ್ಟದ್ದು ಎಂದು ವಕೀಲರ ಮೂಲಕ ಉತ್ತರ ಕೊಡಿ. ಬ್ಯಾಂಕಿಗೆ ಹೋಗಿ ಪೇಮೆಂಟ್ ನಿಲ್ಲಿಸಿದ ಮಾತ್ರಕ್ಕೆ ಪಾರಾಗುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಸಾಲಕ್ಕೆ ಭದ್ರತೆಯೆಂದು ಜಮೀನಿನ ಖರೀದಿ ಪತ್ರವನ್ನೇ ಬರೆದುಕೊಡುವುದು. "ರೊಕ್ಕ ಕೊಟ್ಟ ದಿನ ವಾಪಸ್ ಬರದ ಕೊಡ್ತೀನಿ" ಎಂಬುದು ಬಾಯಿಮಾತು, ಇಲ್ಲವೇ ಬೇರೆ ಸ್ಟ್ಯಾಂಪ್ ಪೇಪರಿನ ಮೇಲಿನ ಮಾತು. ಆ ಷರತ್ತು ಅದೇ ಖರೀದಿ ಪತ್ರದೊಳಗೆ ಇಲ್ಲದಿದ್ದರೆ ಕಾನೂನು ಅದನ್ನು ಅಡಮಾನ ಎಂದು ಒಪ್ಪುವುದಿಲ್ಲ, ಮಾರಾಟ ಎಂದೇ ನೋಡುತ್ತದೆ. ಎಂಥ ಅಡಚಣೆ ಬಂದರೂ ಇದೊಂದಕ್ಕೆ ಸಹಿ ಹಾಕಬೇಡಿ.

ಎತ್ತು, ಮನಿ, ತಾಳಿ ಜಪ್ತಿ ಮಾಡ್ತಾರೇನ್ರಿ?

ಕೋರ್ಟಿನ ಆದೇಶ ಇಲ್ಲದೆ ಸಾಲ ಕೊಟ್ಟವರು ಮನೆಯ ಒಂದು ಚಂಬನ್ನೂ ಮುಟ್ಟುವಂತಿಲ್ಲ. ಡಿಕ್ರಿ ಆದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ತಾಳಿ, ಒಕ್ಕಲುತನಕ್ಕೆ ಬೇಕಾದ ಎತ್ತು, ಸಾಮಾನು, ಬಿತ್ತನೆ ಕಾಳು, ರೈತ ವಾಸವಿರುವ ಮನೆ, ನೇಕಾರನ ಮಗ್ಗದಂಥ ಕಸುಬಿನ ಉಪಕರಣ ಜಪ್ತಿಗೆ ಬರುವುದಿಲ್ಲ. ಇಳಕಲ್, ಬನಹಟ್ಟಿಯ ಕೈಮಗ್ಗದವರಿಗೆ ಈ ಕೊನೆಯ ಮಾತು ಗೊತ್ತಿರಬೇಕು. ಬರೆದುಕೊಟ್ಟು ಒತ್ತೆ ಇಟ್ಟ ಆಸ್ತಿಯ ಮಾತು ಬೇರೆ. ಕೋರ್ಟಿಗೆ ಹೋಗದೆ ಬ್ಯಾಂಕುಗಳು ಆಸ್ತಿ ವಶಪಡಿಸಿಕೊಳ್ಳುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯ ಆಗುವುದಿಲ್ಲ.

ಕಾರಖಾನಿಯವ್ರು ಕಬ್ಬಿನ ಬಿಲ್ಲ ಕೊಟ್ಟಿಲ್ಲ, ಅದಕ್ಕ ಸಾಲದ ಬಡ್ಡಿ ಬೆಳ್ಯಾಕತ್ತೈತಿ.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಬರಬೇಕು. ಆಮೇಲೆ ತಡವಾದ ದಿನಕ್ಕೆಲ್ಲ ವರ್ಷಕ್ಕೆ ಶೇ 15 ಬಡ್ಡಿ ನಿಮಗೆ ಸೇರಬೇಕು. 3 ಲಕ್ಷದ ಬಿಲ್ಲು 60 ದಿನ ತಡವಾದರೆ ಸುಮಾರು 7,400 ರೂಪಾಯಿ. ಕೇಳುವವರು ಕಡಿಮೆ, ಅದಕ್ಕೇ ಕೊಡುವವರೂ ಕಡಿಮೆ. ತೂಕದ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಜಿಲ್ಲಾಧಿಕಾರಿ ಮತ್ತು ಸಕ್ಕರೆ ಆಯುಕ್ತರಿಗೆ ಬಡ್ಡಿ ಸಹಿತ ಬಾಕಿ ಕೇಳಿ ಅರ್ಜಿ ಕೊಡಿ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅವಕಾಶ ಇದೆ.

ಗ್ಯಾಂಗಿನ ಅಡ್ವಾನ್ಸ್ ತೀರಲಿಲ್ಲ ಅಂತ ಮುಕಾದಮ್ ಊರಿಗೆ ಬಿಡವಲ್ಲ.

ಇದು ಸಾಲದ ವಿಷಯ ಅಲ್ಲ, ಅಪರಾಧದ ವಿಷಯ. ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ್ (ಮೇಸ್ತ್ರಿ) ಮುಂಗಡಕ್ಕಾಗಿ ಆಳನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ, ಅಂಥ ಮುಂಗಡದ ಋಣವೂ ರದ್ದು. ಕೆಲಸದ ಜಾಗ ಮಹಾರಾಷ್ಟ್ರದಲ್ಲಿದ್ದರೆ ಅಲ್ಲಿನ ಜಿಲ್ಲಾಧಿಕಾರಿಗೆ ದೂರು ಹೋಗಬೇಕು. ಊರಲ್ಲಿರುವ ನೆಂಟರು ಇಲ್ಲಿನ ತಹಶೀಲ್ದಾರರ ಮೂಲಕ ಬರೆಸಬಹುದು. ಬಿಡುಗಡೆ ಪ್ರಮಾಣಪತ್ರ ಕೈಗೆ ಬಾರದೆ ವಾಪಸ್ ಬಂದರೆ ಪುನರ್ವಸತಿ ಹಣ ಸಿಗುವುದು ಕಷ್ಟ.

ಮನಿ ಯಜಮಾನ್ರು ತೀರಿಹೋದ್ರು. ಅವರ ಸಾಲ ಹೆಂಡತಿ ಮಕ್ಕಳ ಮ್ಯಾಲ ಬರ್ತದೇನು?

ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ನೀವೇ ಸಹಿ ಹಾಕಿದ್ದರೆ, ಜಾಮೀನು ನಿಂತಿದ್ದರೆ ಬೇರೆ. ಮಣ್ಣಾದ ವಾರದಲ್ಲೇ ಹೊಸ ಬಾಂಡಿಗೆ ಸಹಿ ಕೇಳುತ್ತಾರೆ, ಹಾಕಬೇಡಿ. ಸಂಘದ ಸಾಲದ ಜೊತೆ ವಿಮೆ ಹಿಡಿದಿರುತ್ತಾರೆ, ಸಾಲದ ಕಾರ್ಡು ನೋಡಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 436 ಅಥವಾ 20 ರೂಪಾಯಿ ಕಡಿತ ಆಗಿದೆಯೇ ಹುಡುಕಿ. 436 ಎಂದರೆ ಜೀವ ವಿಮೆ, 20 ಎಂದರೆ ಅಪಘಾತ ವಿಮೆ. ಎರಡರಲ್ಲೂ 2 ಲಕ್ಷ ಬರುತ್ತದೆ.

ಆಫ್ರಿಕಾದಾಗ ದೇಶದ ಸಾಲನ ಮನ್ನಾ ಆದವಂತ. ಅಲ್ಲಿ ಬಡತನ ಕಡಿಮಿ ಆತೇನು?

ಕಾಲೇಜು ಹುಡುಗರು ಕೇಳುವ ಈ ಪ್ರಶ್ನೆ ಮನೆಯ ಲೆಕ್ಕಕ್ಕೂ ಸಲ್ಲುತ್ತದೆ. 1996ರಲ್ಲಿ ವಿಶ್ವಬ್ಯಾಂಕ್, ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸೇರಿ ಸಾಲದಲ್ಲಿ ಮುಳುಗಿದ ಬಡದೇಶಗಳಿಗೆ ಯೋಜನೆ ತಂದವು. 1998ರಲ್ಲಿ ಮೊದಲು ಪರಿಹಾರ ಸಿಕ್ಕಿದ್ದು ಉಗಾಂಡಕ್ಕೆ. ಕಟ್ಟುವುದು ತಪ್ಪಿ ಉಳಿತಾಯವಾದ ಕಂತಿನ ಹಣ ಸರ್ಕಾರದ ದೊಡ್ಡ ಖಜಾನೆಯಲ್ಲಿ ಕರಗಬಾರದೆಂದು ಅವರು ಬಡತನ ನಿವಾರಣೆಗೆ ಬೇರೆ ನಿಧಿ ಮಾಡಿ ಶಾಲೆ, ನೀರು, ಹಳ್ಳಿ ರಸ್ತೆ, ಆರೋಗ್ಯಕ್ಕೆ ಹಾಕಿದರು. 1990ರ ದಶಕದ ಮೊದಲ ವರ್ಷಗಳಲ್ಲಿ ಶಾಲೆಗೆಂದು ಬಿಟ್ಟ ಅನುದಾನದಲ್ಲಿ ನೂರಕ್ಕೆ 13ರಷ್ಟು ಮಾತ್ರ ಶಾಲೆ ಮುಟ್ಟುತ್ತಿತ್ತು. ಎಷ್ಟು ಹಣ ಬಿಟ್ಟಿದೆ ಎಂದು ಪತ್ರಿಕೆಯಲ್ಲಿ, ಶಾಲೆಯ ಗೋಡೆಯ ಮೇಲೆ ಬರೆಯಲು ಶುರುಮಾಡಿದ ಮೇಲೆ ಆ ಸೋರಿಕೆ ಬಹಳ ತಗ್ಗಿತು. ಅಲ್ಲಿನ ಬಡತನ 1992ರ ಶೇ 56ರಿಂದ 2000ದ ಹೊತ್ತಿಗೆ ಶೇ 34ಕ್ಕೆ ಇಳಿಯಿತು. ಕಾಫಿ ಬೆಲೆ, ಶಾಂತಿ ಎಲ್ಲವೂ ಅದಕ್ಕೆ ನೆರವಾದವು, ಮನ್ನಾ ಒಂದೇ ಅಲ್ಲ. ಜಾಂಬಿಯಾಕ್ಕೂ 2005ರಲ್ಲಿ ಬಹುಪಾಲು ಸಾಲ ಬಿಟ್ಟರು. ಆಮೇಲೆ ಹೆಚ್ಚಿನ ಬಡ್ಡಿಯ ಹೊಸ ಸಾಲ ಏರಿಸಿಕೊಂಡು 2020ರ ನವೆಂಬರ್‌ನಲ್ಲಿ ಆ ದೇಶ ಕಂತು ತಪ್ಪಿಸಿತು.

ಹಂಗಾರ ಒಂದ ಸಾಲ ತೀರಿದ ಮ್ಯಾಲ ಆ ಕಂತಿನ ರೊಕ್ಕ ಏನ್ ಮಾಡೂದು?

ತೀರಿದ ಮುಂದಿನ ತಿಂಗಳೇ, ಅದೇ ತಾರೀಖಿಗೆ, ಅಷ್ಟೇ ಮೊತ್ತವನ್ನು ಬೇರೆ ಖಾತೆಗೆ ಹಾಕಿ. 2,067ರ ಕಂತು ತೀರಿತೆಂದರೆ ಬ್ಯಾಂಕಿನಲ್ಲಿ ಒಂದು ವರ್ಷದ ಅವಧಿಗೆ ತಿಂಗಳಿಗೆ 2,000ದ ಆರ್‌ಡಿ ಚಾಲೂ ಆಗಲಿ. ಒಂದು ತಿಂಗಳು ಬಿಟ್ಟರೂ ಆ ರೊಕ್ಕ ಸಂತೆಯಲ್ಲಿ, ಮದುವೆ ಮುಯ್ಯಿಯಲ್ಲಿ ಕರಗುತ್ತದೆ. ವರ್ಷಕ್ಕೆ ಕೂಡುವ 24,000 ಮುಂದಿನ ಹಂಗಾಮಿನ ಬೀಜ ಗೊಬ್ಬರಕ್ಕೆ ಸಾಕಾದರೆ ಕೈಗಡದ ಬಾಗಿಲು ತಟ್ಟುವುದು ತಪ್ಪಿತು.

ಇಂಡಿ, ಚಡಚಣದ ಕಡೆ ಮನೆಗಳನ್ನು ಮುಳುಗಿಸಿದ್ದರಲ್ಲಿ ಬೋರ್‌ವೆಲ್ ದೊಡ್ಡದು. ನೀರು ಬೀಳದ ಬೋರಿಗೆ ಕೊಟ್ಟ ರೊಕ್ಕ ಬೆಳೆಯಾಗಿ ವಾಪಸ್ ಬರುವುದಿಲ್ಲ. ಸಾಲ ಮಾಡಿ ಎರಡನೇ ಬೋರು ಹೊಡೆಸುವ ಮುಂಚೆ ಕೃಷಿಹೊಂಡ, ಹನಿ ನೀರಾವರಿಯ ಸಹಾಯಧನ ಕೇಳಿ ನೋಡಿ. ಬೆಳೆ ವಿಮೆಯ ಕಂತು ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ ಶೇ 5. ವಿಮೆಗೆ ತೊಗರಿ ಬರೆಸಿ, ಬೆಳೆ ಸಮೀಕ್ಷೆಯಲ್ಲಿ ಮೆಕ್ಕೆಜೋಳ ಎಂದಿದ್ದರೆ ಪರಿಹಾರ ಬರುವುದಿಲ್ಲ. ಆಲಿಕಲ್ಲು ಮಳೆಯಾದರೆ 72 ಗಂಟೆಯೊಳಗೆ ತಿಳಿಸಬೇಕು.

ಸಾಲದ ಚಿಂತಿಗೆ ರಾತ್ರಿ ನಿದ್ದಿ ಬರೂದಿಲ್ಲ. ಜೀವನ ಬ್ಯಾಡ ಅನಸ್ತೈತಿ.

ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಇದರ ಹೆಸರು. ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಮನೆಯಲ್ಲಿ ಒಬ್ಬರಿಗೆ, ಅಣ್ಣನೋ ಅಕ್ಕನೋ ಅತ್ತಿಯೋ ಯಾರಾದರೂ ಸರಿ, ಇವತ್ತೇ ಪೂರ್ತಿ ಹೇಳಿ. ಈ ಪುಟದಲ್ಲಿರುವ ಒಂದೊಂದು ಸಾಲಕ್ಕೂ ದಾರಿ ಇದೆ, ಅದನ್ನು ಹುಡುಕಲು ನೀವು ಇರಬೇಕು. ಮನೆಯವರಿಗೆ ಒಂದು ಮಾತು: ಹೀಗೆ ಯಾರಾದರೂ ಹೇಳಿದರೆ ಬೈಯಬೇಡಿ, ಒಬ್ಬರನ್ನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯೊಳಗಿಂದ ತೆಗೆದು ಬೇರೆಯವರ ಕಡೆ ಇಡಿ.

ವಕೀಲರಿಗೆ ಕೊಡಾಕ ರೊಕ್ಕ ಇಲ್ಲ. ಎಲ್ಲಿಗೆ ಹೋಗೂದು, ಏನೇನ್ ಒಯ್ಯೂದು?

ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಫೋನ್ 15100. ಲೇವಾದೇವಿಗಾರರ ಲೈಸೆನ್ಸ್ ಇದೆಯೇ ಎಂದು ತಿಳಿಯಲು ಸಹಕಾರ ಇಲಾಖೆಯ ಜಿಲ್ಲಾ ಉಪನಿಬಂಧಕರ ಕಚೇರಿಗೆ ಹೋಗಬೇಕು.

ಒಯ್ಯಬೇಕಾದ್ದು: ಆ ನೋಟ್‌ಬುಕ್, ಆಧಾರ್, ರೇಷನ್ ಕಾರ್ಡ್, ಹೊಸ ಉತಾರ, ಎಲ್ಲ ಪಾಸ್‌ಬುಕ್, ಸಾಲದ ಕಾರ್ಡು, ಕಟ್ಟಿದ ಪಾವತಿ, ಬಂದ ನೋಟಿಸು ಕವರಿನ ಸಮೇತ. ಕವರಿನ ಮೇಲಿನ ಅಂಚೆ ಮುದ್ರೆಯ ತಾರೀಖಿನಿಂದಲೇ ನಿಮ್ಮ 15 ದಿನದ ಲೆಕ್ಕ ಸಾಬೀತಾಗುವುದು, ಅದನ್ನು ಒಲೆಗೆ ಹಾಕಬೇಡಿ. ಅಸಲು ಕಾಗದ ಯಾರ ಕೈಗೂ ಬಿಟ್ಟು ಬರಬೇಡಿ, ಝೆರಾಕ್ಸ್ ಕೊಡಿ.